ಹೂವಪ್ಪನ ಕೈಗೆ ಸಿಕ್ಕಿದ ಜ್ವರ

ಯುಗಾದಿಗೆ ಕಟ್ಟಿದ ಮಾವಿನ ತೋರಣ ಒಣಗಿ ಗರಿಗರಿಯಾಗಿತ್ತು, ಇನ್ನೂ ಯಾರ ಮನೆಯಲ್ಲೂ ಬಿಚ್ಚಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು, ಎಮ್ಮೆಗಳು ಕೆರೆಗೆ ಇಳಿದು ಮೂಗಷ್ಟೇ ಮೇಲೆ ಬಿಟ್ಟುಕೊಂಡಿದ್ದ ಹೊತ್ತು. ನೇರಲಕೊಪ್ಪದಲ್ಲಿ ಜ್ವರ ಶುರುವಾದದ್ದು ಆಗ. ಅದು ಕೆಟ್ಟ ನೀರಿನಿಂದ ಬಂದದ್ದಲ್ಲ, ಸೊಳ್ಳೆ ತಂದದ್ದೂ ಅಲ್ಲ. ಅದನ್ನು ತಂದವನು ಹೂವಪ್ಪ, ಅದೂ ಸೈಕಲ್ಲಿನ ಮೇಲೆ.

ನೇರಲಕೊಪ್ಪ ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿದೆ. ಕೈ ಮಾಡಿದರೆ ಬಸ್ಸು ನಿಲ್ಲುತ್ತದೆ, ಮಾಡದಿದ್ದರೆ ಅಲ್ಲೊಂದು ಊರು ಇದ್ದದ್ದೇ ಬಸ್ಸಿನವರಿಗೆ ಗೊತ್ತಾಗುವುದಿಲ್ಲ. ಡಾಕ್ಟರು ಇದ್ದದ್ದು ಹೊಸನಗರದಲ್ಲಿ. ಹಾಗಾಗಿ ಒಬ್ಬರಿಗೆ ಜ್ವರ ಇದೆಯೋ ಇಲ್ಲವೋ ಎಂಬುದನ್ನು ಊರಿನವರೇ ತೀರ್ಮಾನ ಮಾಡಬೇಕಿತ್ತು. ಆ ತೀರ್ಮಾನದ ಹಕ್ಕು ಹೂವಪ್ಪನ ಮನೆತನದ್ದು. ಅವನ ಅಜ್ಜ ಕೈ ಇಡುತ್ತಿದ್ದ, ಅಪ್ಪ ಕೈ ಇಡುತ್ತಿದ್ದ, ಈಗ ಹೂವಪ್ಪ. ಮಗುವಿನ ಮೈ ಬೆಚ್ಚಗಿದೆ ಎಂದು ಹೆತ್ತ ತಾಯಿಗೆ ಅನ್ನಿಸಿದರೆ ಸಾಲದು. ಹೂವಪ್ಪ ಬಂದು ಹಣೆಯ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿ, ‘ಇದೆ’ ಎಂದರೆ ಕಷಾಯಕ್ಕೆ ನೀರಿಡುತ್ತಿದ್ದರು. ‘ಏನಿಲ್ಲ’ ಎಂದರೆ ಮಗು ಎದ್ದು ಆಡಲು ಹೋಗಬೇಕು, ಅದಕ್ಕೆ ಮನಸ್ಸಿರಲಿ ಬಿಡಲಿ.

ಆ ಕೈ ತಪ್ಪಿದ್ದನ್ನು ಕಂಡವರಿಲ್ಲ. ಅದಕ್ಕೆ ಕಾರಣ ಇತ್ತು, ಕಾರಣವನ್ನು ಮಾತ್ರ ಯಾರೂ ಹುಡುಕಿರಲಿಲ್ಲ. ಹೂವಪ್ಪನ ಕಸುಬು ಭತ್ತ ಬೇಯಿಸುವುದು. ಕುಚ್ಚಲಕ್ಕಿಗೆ ಬೇಕಾದ ಊರ ಭತ್ತವೆಲ್ಲ ಅವನ ಹಂಡೆಯಲ್ಲೇ ಬೇಯಬೇಕು. ಕಬ್ಬು ಅರೆಯುವ ಕಾಲ ಬಂದರೆ ಆಲೆಮನೆಯ ಕೊಪ್ಪರಿಗೆಯ ಮುಂದೆ ಅವನೇ. ವರ್ಷವಿಡೀ ಉರಿಯ ಎದುರು ಇದ್ದ ಕೈ ಕಾದ ಹೆಂಚಿನ ಹಾಗೆ ಇರುತ್ತಿತ್ತು. ಆ ಕೈಗೂ ಬಿಸಿ ಅನ್ನಿಸಬೇಕಾದರೆ ರೋಗಿ ನಿಜವಾಗಿ ಬೇಯುತ್ತಿರಬೇಕು. ಆದ್ದರಿಂದ ಹೂವಪ್ಪ ‘ಇದೆ’ ಎಂದವರಿಗೆಲ್ಲ ಜ್ವರ ಇದ್ದೇ ಇರುತ್ತಿತ್ತು. ‘ಏನಿಲ್ಲ’ ಎಂದವರಲ್ಲಿ ಬಹಳ ಜನ ತಾವಾಗಿಯೇ ಗುಣವಾಗುತ್ತಿದ್ದರು. ಗುಣವಾಗದವರನ್ನು ಗಾಡಿಯಲ್ಲಿ ಹಾಕಿ ಹೊಸನಗರಕ್ಕೆ ಒಯ್ಯುತ್ತಿದ್ದರು. ಅವರದ್ದು ಆಮೇಲೆ ಹತ್ತಿದ ಬೇರೆ ಜ್ವರ ಎಂದು ಊರು ನಂಬಿತ್ತು.

ಇಂಥವನು ಹಂಡೆ ಬಿಟ್ಟು ಸೈಕಲ್ ಹತ್ತಿದ್ದು ಮಗಳ ಸಂಬಂಧಕ್ಕಾಗಿ. ಮಗಳು ವಾಗ್ದೇವಿ. ಹೆಸರು ಇಟ್ಟದ್ದು ಶಾಲೆಯ ಮೇಷ್ಟ್ರು, ಕರೆಯುವವರೆಲ್ಲ ‘ವಾಗಿ’ ಎಂದೇ ಕರೆಯುತ್ತಿದ್ದರು. ಮಂಡಗದ್ದೆಯ ಹತ್ತಿರದ ಮಂಜುನಾಥ ಎಂಬ ಹುಡುಗನ ಕಡೆಯವರು ಕೇಳಿದ್ದರು. ಹುಡುಗ ಸೊಸೈಟಿಯಲ್ಲಿ ಕೆಲಸದಲ್ಲಿದ್ದ, ಮಿತಭಾಷಿ, ಒಂದು ಚಟ ಇಲ್ಲ. ವಾಗ್ದೇವಿ ನೀರು ತರುವ ನೆವದಲ್ಲಿ ಅವನನ್ನು ಒಮ್ಮೆ ನೋಡಿ, ಆಗಬಹುದು ಎಂದು ತಾಯಿಗೆ ಹೇಳಿಯೂ ಆಗಿತ್ತು. ಆದರೆ ಆ ಮನೆಯಲ್ಲಿ ಎಲ್ಲವೂ ಹುಡುಗನ ಸೋದರಮಾವ ಸೀತಾರಾಮಪ್ಪ ಹೇಳಿದ ಹಾಗೆ. ಸೀತಾರಾಮಪ್ಪ ಅಂಥ ಕೆಟ್ಟವರಲ್ಲ. ಯಾವುದನ್ನೂ ತಾನು ಪರೀಕ್ಷೆ ಮಾಡದೆ ಒಪ್ಪಬಾರದು ಎಂಬ ಒಂದು ಹಟ, ಅಷ್ಟೆ. ಎತ್ತು ಕೊಳ್ಳುವಾಗ ಅದರ ಹಲ್ಲಿನ ಜೊತೆಗೆ ಮಾರುವವನ ಹಲ್ಲನ್ನೂ ನೋಡುವ ಮನುಷ್ಯ ಎಂದು ಹೇಳುತ್ತಿದ್ದರು.

ಅವರು ಮೊದಲ ಸಲ ಬಂದಾಗ, ಹುಡುಗಿಯ ತಂದೆಯವರು ಏನು ಮಾಡಿಕೊಂಡಿದ್ದಾರೆ ಎಂದು ಕೇಳಿದರು. ಹೂವಪ್ಪ ಆಗ ಹಂಡೆಯ ಮುಂದೆ ಇದ್ದ. ಉತ್ತರ ಹೇಳಿದವನು ಹೂವಪ್ಪನ ಹೆಂಡತಿ ಕೆರಿಯಮ್ಮನ ತಮ್ಮ ಬೆಳ್ಳಪ್ಪ. ಬೆಳ್ಳಪ್ಪನಿಗೆ ಯಾವ ಪ್ರಶ್ನೆಗೂ ಉತ್ತರ ಗೊತ್ತಿತ್ತು, ಪ್ರಶ್ನೆ ಮುಗಿಯುವವರೆಗೆ ಕಾಯುವ ತಾಳ್ಮೆ ಮಾತ್ರ ಇರಲಿಲ್ಲ. ಹೊಸನಗರಕ್ಕೆ ಕರೆಂಟು ಬಂದು, ಬಸ್‌ಸ್ಟ್ಯಾಂಡಿನ ಹಿಂದೆ ಐಸ್‌ಕ್ಯಾಂಡಿ ಮಾಡುವ ಮಿಶನ್ನು ಕೂತು ಸ್ವಲ್ಪ ದಿನವಾಗಿತ್ತು. ಭಾವ ಐಸ್ ಫ್ಯಾಕ್ಟರಿಯ ಏಜೆಂಟರು ಎಂದುಬಿಟ್ಟ.

ಸಂಜೆ ತಲೆತುಂಬ ಹೊಟ್ಟು ಮೆತ್ತಿಕೊಂಡು ಹೂವಪ್ಪ ಮನೆಗೆ ಬಂದಾಗ ತಾನು ಏಜೆಂಟನಾಗಿರುವುದು ಅವನಿಗೆ ತಿಳಿಯಿತು.

“ಭತ್ತ ಬೇಯಿಸ್ತಾರೆ ಅಂದಿದ್ರೆ ಆ ಮನುಷ್ಯ ಎದ್ದೇ ಹೋಗ್ತಿದ್ದ ಭಾವ,” ಎಂದ ಬೆಳ್ಳಪ್ಪ. “ಏಜೆಂಟ್ರು ಅಂದೆ, ಇನ್ನೊಂದು ಲೋಟ ಕಾಫಿ ಕೇಳಿ ಕುಡ್ದ.”

ಹೇಳಿದ ಮೇಲೆ ಅದನ್ನು ನಿಜ ಮಾಡಬೇಕಾಯಿತು. ಬೆಳ್ಳಪ್ಪ ಫ್ಯಾಕ್ಟರಿಗೆ ಓಡಾಡಿ ಒಂದು ಸೈಕಲ್ಲು, ಅದರ ಹಿಂದೆ ಕಟ್ಟುವ ಮರದ ಪೆಟ್ಟಿಗೆ, ಒತ್ತಿದರೆ ಎಮ್ಮೆಕರು ಕೂಗಿದ ಹಾಗೆ ಕೂಗುವ ಒಂದು ರಬ್ಬರ್ ಹಾರನ್ನು ಗೊತ್ತುಮಾಡಿದ. ತಲೆಗೆ ಖಾಕಿ ಟೊಪ್ಪಿ. ಪೆಟ್ಟಿಗೆಯ ಒಳಗೆ ತಗಡು ಹೊಡೆದು, ಐಸಿನ ಚೂರು, ಉಪ್ಪು ತುಂಬಿ, ನಡುವೆ ಕೆಂಪು ಹಳದಿ ಕ್ಯಾಂಡಿಗಳನ್ನು ಹೂತಿಡುತ್ತಿದ್ದರು. ಕೇಳಿದ ಬಣ್ಣದ ಕ್ಯಾಂಡಿ ಸಿಗಬೇಕಾದರೆ ಮೊಣಕೈವರೆಗೆ ಕೈ ಇಳಿಸಿ ತಡಕಾಡಬೇಕು. ಹೂವಪ್ಪ ನಿಧಾನದ ಮನುಷ್ಯ, ಬಹಳ ಹೊತ್ತು ತಡಕಾಡುತ್ತಿದ್ದ.

ಮೊದಲ ದಿನ, ಆ ಎಮ್ಮೆಗಳು ಕೆರೆಗೆ ಇಳಿದ ಹೊತ್ತಿನಲ್ಲಿ, ಅರಳಿಕಟ್ಟೆಯ ಹತ್ತಿರ ಹಾರನ್ನು ಒತ್ತಿದ. ಮಕ್ಕಳು ಬಂದವು. ಅವುಗಳ ಹಿಂದೆ ರಂಗಮ್ಮ ಬಂದಳು. ಮೊಮ್ಮಗಳು ನಿನ್ನೆಯಿಂದ ಸರಿಯಾಗಿ ಉಣ್ಣುತ್ತಿಲ್ಲ, ಒಂಚೂರು ಕೈ ಇಟ್ಟು ನೋಡು ಹೂವಣ್ಣ ಎಂದಳು. ಮೊಮ್ಮಗಳು ಮಾವಿನ ಮರದ ಮೇಲೆ ಕೂತು ಉಪ್ಪು ಹಚ್ಚಿಕೊಂಡು ಮಿಡಿ ತಿನ್ನುತ್ತಿದ್ದಳು. ಅವಳನ್ನು ಇಳಿಸಿದರು. ಹೂವಪ್ಪ ಪೆಟ್ಟಿಗೆಯಿಂದ ಕೈ ತೆಗೆದು, ಹೆಗಲ ಮೇಲಿನ ಬೈರಾಸಿಗೆ ಒರೆಸಿಕೊಂಡು, ಅವಳ ಹಣೆಯ ಮೇಲೆ ಇಟ್ಟು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣು ತಕ್ಷಣ ತೆರೆಯಿತು.

“ರಂಗಕ್ಕ, ಕೂಸು ಕೆಂಡ ಆಗಿದೆ.”

ಆ ಕೈ ಸುಳ್ಳು ಹೇಳುವುದಿಲ್ಲವಲ್ಲ. ಹುಡುಗಿಯನ್ನು ಎತ್ತಿಕೊಂಡು ಹೋಗಿ ಒಲೆಯ ಪಕ್ಕ ಮಲಗಿಸಿದರು. ಮೇಲೆ ಒಂದು ಕಂಬಳಿ, ಅದರ ಮೇಲೆ ಇನ್ನೊಂದು ಕಂಬಳಿ. ಮೆಣಸಿನ ಕಷಾಯ ಕುದಿಯುವುದನ್ನೇ ಕುಡಿಸಿದರು. ಚೈತ್ರದ ಸೆಕೆ, ಬಾಗಿಲು ಮುಚ್ಚಿದ ಅಡುಗೆಮನೆ. ಸಂಜೆ ರಂಗಮ್ಮ ಮುಟ್ಟಿ ನೋಡುತ್ತಾಳೆ, ಕೂಸಿನ ಮೈ ಕೊತಕೊತ ಎನ್ನುತ್ತಿದೆ, ಮುಖ ಕೆಂಪಗೆ, ಬೆವರು ಧಾರೆಧಾರೆ. ಮಧ್ಯಾಹ್ನ ಮನೆಯವರಿಗೆ ಯಾರಿಗೂ ತಿಳಿಯದಿದ್ದ ಜ್ವರ ಹೂವಣ್ಣನಿಗೆ ಮುಟ್ಟಿದ್ದೇ ತಿಳಿಯಿತಲ್ಲ ಎಂದು ಅವಳು ಬಾವಿಕಟ್ಟೆಯಲ್ಲಿ ಹೇಳಿದಳು. ಬಾವಿಕಟ್ಟೆಯಲ್ಲಿ ಹೇಳಿದ ಮೇಲೆ ಊರಿಗೆ ಬೇರೆ ಹೇಳಬೇಕಾಗಿಲ್ಲ.

ಮಾರನೆಯ ದಿನದಿಂದ ಹಾರನ್ನು ಕೇಳಿದರೆ ಕ್ಯಾಂಡಿ ತಿನ್ನುವವರು ಒಂದು ಕಡೆ, ಹಣೆ ಒಡ್ಡುವವರು ಇನ್ನೊಂದು ಕಡೆ ನಿಂತರು. ಹೂವಪ್ಪ ಒಬ್ಬರಿಗೆ ಕ್ಯಾಂಡಿ ತೆಗೆದುಕೊಟ್ಟು, ಅದೇ ಕೈಯನ್ನು ಇನ್ನೊಬ್ಬರ ಹಣೆಗೆ ಇಟ್ಟ. ಮುಟ್ಟಿದವರಿಗೆಲ್ಲ ಇತ್ತು. ಗೌರಮ್ಮನಿಗೆ ಇತ್ತು, ಅವಳ ಗಂಡನಿಗೆ ಇತ್ತು, ಜಗಳವಾಡಿ ಮಾತು ಬಿಟ್ಟಿದ್ದ ಅವಳ ಓರಗಿತ್ತಿಗೂ ಅಷ್ಟೇ ಇತ್ತು. ಟಪಾಲಿನವನಿಗೆ ಇತ್ತು. ಅವನು ಆ ಸುದ್ದಿಯನ್ನು ಟಪಾಲಿನ ಜೊತೆಗೆ ಮುಂದಿನ ಊರುಗಳಿಗೂ ಹಂಚಿದ. ಬಿಸಿಲಲ್ಲಿ ಕಟ್ಟಿದ್ದ ಎತ್ತಿಗೂ ಕೈ ಇಡಿಸಿದರು. ಎತ್ತಿಗೆ ಎಲ್ಲರಿಗಿಂತ ಹೆಚ್ಚು. ಸುಸ್ತಾಗಿ ಹೂವಪ್ಪ ಕಟ್ಟೆಯ ಮೇಲೆ ಕೂತು ಕಲ್ಲಿಗೆ ಕೈ ಊರಿದ. ಕಲ್ಲಿಗೂ ಇತ್ತು. ಇದನ್ನು ಮಾತ್ರ ಅವನು ಯಾರ ಹತ್ತಿರವೂ ಹೇಳಲಿಲ್ಲ. ಎದ್ದು ಹೊರಡುವ ಮುಂಚೆ ಮೆಲ್ಲಗೆ ತನ್ನ ಹಣೆಯನ್ನೂ ಮುಟ್ಟಿಕೊಂಡ. ಸುಡುತ್ತಿತ್ತು. ಇಂಥ ಜ್ವರದಲ್ಲೂ ಊರಿನ ಕೆಲಸ ಬಿಡಲಿಲ್ಲವಲ್ಲ ಎಂದು ಆ ದಿನ ಅವನ ಮೇಲೆ ಅವನಿಗೇ ಗೌರವ ಬಂತು.

ಕಾರಣ ಹುಡುಕುವ ಕೆಲಸವನ್ನು ಬೆಳ್ಳಪ್ಪ ವಹಿಸಿಕೊಂಡ. ಅವನ ಪ್ರಕಾರ, ಕ್ಯಾಂಡಿ ನಾಲಿಗೆಯ ಕಾವನ್ನು ಓಡಿಸುತ್ತದೆ. ಓಡಿದ ಕಾವು ಎಲ್ಲಾದರೂ ಹೋಗಲೇಬೇಕು. ಒಲೆಯ ಬಾಯಿ ಮುಚ್ಚಿದರೆ ಹೊಗೆ ಎಲ್ಲಿಗೆ ಹೋಗುತ್ತದೆ, ಮೇಲಕ್ಕೆ. ಹಾಗೆಯೇ ನಾಲಿಗೆಯ ಕಾವು ಹಣೆಗೆ ಏರುತ್ತದೆ. ಕ್ಯಾಂಡಿಯನ್ನು ಕಣ್ಣಿಂದಲೂ ನೋಡದ ಮುದುಕರಿಗೆ ಯಾಕೆ ಬಂತು ಎಂದು ಯಾರೋ ಕೇಳಿದರು. ಬಚ್ಚಲ ಒಲೆಗೆ ಬೆಂಕಿ ಹಾಕಿದರೆ ಹತ್ತಿರ ನಿಂತವನ ಮೊಣಕಾಲು ಯಾಕೆ ಬಿಸಿಯಾಗುತ್ತದೆ, ಅವನೇನು ಒಲೆಯೊಳಗೆ ಕಾಲಿಟ್ಟಿದ್ದನೋ ಎಂದು ಬೆಳ್ಳಪ್ಪ ತಿರುಗಿ ಕೇಳಿದ. ಕಾವು ಗಾಳಿಯಲ್ಲೇ ಬರುತ್ತದೆ. ತಿಂದವನಿಂದ ತಿನ್ನದವನಿಗೆ ಬರುತ್ತದೆ. ಇದನ್ನು ಕೇಳಿದ ಮೇಲೆ ಕಟ್ಟೆಯ ಮೇಲೆ ಕೂರುವವರು ನಡುವೆ ಒಬ್ಬೊಬ್ಬರ ಜಾಗ ಬಿಟ್ಟು ಕೂತರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ಮಾತಾಡಿದರು. ಹೆಂಡತಿಯರ ಎದುರು ಉಸಿರು ಬಿಗಿಹಿಡಿದು ಊಟ ಮಾಡಿದ ಗಂಡಸರೂ ಇದ್ದರು.

ಊರಿಗೆ ಊರೇ ಬಾಗಿಲು ಹಾಕಿಕೊಂಡು, ಒಲೆ ಉರಿಸಿಕೊಂಡು, ಕಂಬಳಿ ಹೊದ್ದು ಬೆವರಿತು. ಹೊದ್ದಷ್ಟೂ ಮೈ ಕಾಯಿತು, ಕಾದಷ್ಟೂ ಹೊದ್ದರು. ನಡುಮಧ್ಯಾಹ್ನ ಎಲ್ಲ ಮನೆಗಳ ಹೆಂಚಿನ ಸಂದಿಯಿಂದ ಹೊಗೆ ಏಳುವುದನ್ನು ಗುಡ್ಡದ ಮೇಲಿಂದ ಕಂಡ ಫಾರೆಸ್ಟು ಗಾರ್ಡು, ನೇರಲಕೊಪ್ಪಕ್ಕೆ ಬೆಂಕಿ ಬಿತ್ತು ಎಂದು ಸೊಪ್ಪಿನ ಕೊಂಬೆ ಹಿಡಿದು ಓಡಿ ಬಂದ. ಓಡಿಬಂದವನ ಹಣೆಗೆ ಹೂವಪ್ಪ ಕೈ ಇಟ್ಟ. ಗಾರ್ಡನ್ನೂ ರಂಗಮ್ಮನ ಜಗಲಿಯಲ್ಲಿ ಮಲಗಿಸಿ ಕಂಬಳಿ ಹೊದಿಸಿದರು.

ಸಾಗರದ ಕಡೆ ಮಂಗನ ಕಾಯಿಲೆ ಬಂದು ಹೋದದ್ದು ಎಲ್ಲರಿಗೂ ಗೊತ್ತಿದ್ದ ಕಾಲ ಅದು. ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ, ಮನೆಯ ಸೂರಿನ ಮೇಲೆ ಕೂತ ಮಂಗಗಳನ್ನು ಮಾತ್ರ ಎಲ್ಲರೂ ಬಹಳ ಮರ್ಯಾದೆಯಿಂದ ನೋಡಿದರು. ಸುದ್ದಿ ಹೊಸನಗರ ಮುಟ್ಟಿತು. ಅಲ್ಲಿಂದ ವಿಘ್ನೇಶ್ವರ ಎಂಬ ಹೆಲ್ತ್ ಇನ್‌ಸ್ಪೆಕ್ಟರು ಸೈಕಲ್ ಹೊಡೆದುಕೊಂಡು ಬಂದರು. ಸಾಗರದಿಂದ ಹೊಸದಾಗಿ ವರ್ಗವಾಗಿ ಬಂದ ತೆಳ್ಳಗಿನ ಮನುಷ್ಯ, ನಿಯಮ ಎಂದರೆ ಪ್ರಾಣ. ಬಗಲಲ್ಲಿ ಚರ್ಮದ ಚೀಲ, ಅದರಲ್ಲಿ ಹತ್ತಿ ಸುತ್ತಿದ ಗಾಜಿನ ಕಡ್ಡಿ.

ಕೈಯಲ್ಲ, ಈ ಕಡ್ಡಿ ಹೇಳಿದ್ದೇ ಜ್ವರ ಎಂದು ಅವರು ಊರಿಗೆ ತಿಳಿಸಿದರು. ಊರು ಕೇಳಿಕೊಂಡಿತು, ಒಪ್ಪಲಿಲ್ಲ. ಮೊದಲು ರಂಗಮ್ಮನ ಮೊಮ್ಮಗಳನ್ನು ಕರೆದರು. ಅವಳು ಹೆದರಿ ಕಂಬದ ಹಿಂದೆ ನಿಂತಿದ್ದಳು. ಒಂದು ಕೆಂಪು ಕ್ಯಾಂಡಿ ಕೊಟ್ಟ ಮೇಲೆ ಬಂದಳು, ಅದನ್ನು ಪೂರ್ತಿ ಚೀಪಿ ಮುಗಿಸಿದ ಮೇಲೆ ಬಾಯಿ ತೆರೆದಳು. ಇನ್‌ಸ್ಪೆಕ್ಟರು ಕಡ್ಡಿ ಇಟ್ಟರು, ತೆಗೆದರು, ಬೆಳಕಿಗೆ ಹಿಡಿದರು. ಪಾದರಸ ಇದ್ದಲ್ಲಿಂದ ಏಳಲೇ ಇಲ್ಲ. ಝಾಡಿಸಿ ಮತ್ತೆ ಇಟ್ಟರು. ಏಳಲಿಲ್ಲ. ಅವರಿಗೆ ತಿಳಿದ ಮಟ್ಟಿಗೆ ಅಷ್ಟು ತಣ್ಣಗಿರುವ ಮನುಷ್ಯರು ಬಾಯಿ ತೆರೆಯುವುದಿಲ್ಲ, ಇನ್ನೊಂದು ಕ್ಯಾಂಡಿ ಕೇಳುವುದಂತೂ ಇಲ್ಲವೇ ಇಲ್ಲ. ಅವಳನ್ನು ಪಕ್ಕಕ್ಕೆ ಕೂರಿಸಿ ಗಾರ್ಡನ್ನು ಕರೆದರು. ಸರ್ಕಾರಿ ಪರೀಕ್ಷೆಗೆ ಧೈರ್ಯ ಬರಲಿ ಎಂದು ಗಾರ್ಡು ಕುದಿಯುವ ಕಷಾಯವನ್ನು ಲೋಟ ತುಂಬ ಕುಡಿದು ಬಂದಿದ್ದ. ಪಾದರಸ ಕೊನೆಯ ಗೆರೆ ಮುಟ್ಟಿ ನಿಂತಿತು.

ಒಬ್ಬಳು ಸತ್ತಿರಬೇಕು, ಒಬ್ಬ ಸಾಯುತ್ತಿರಬೇಕು. ಇಬ್ಬರೂ ಎದುರಿಗೆ ಕೂತು ಅವರನ್ನೇ ನೋಡುತ್ತಿದ್ದರು. ಕಡ್ಡಿಯನ್ನು ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಇನ್‌ಸ್ಪೆಕ್ಟರು ತಗ್ಗಿದ ದನಿಯಲ್ಲಿ ಹೂವಪ್ಪನ ಅಭಿಪ್ರಾಯ ಕೇಳಿದರು. ಹೂವಪ್ಪ ಅಭಿಪ್ರಾಯ ಹೇಳುವ ಮನುಷ್ಯ ಅಲ್ಲ. ಕೈ ಚಾಚಿ ಇನ್‌ಸ್ಪೆಕ್ಟರ ಹಣೆಯ ಮೇಲೇ ಇಟ್ಟ.

“ನಿಮ್ಗೂ ಇದೆ ಸ್ವಾಮಿ.”

ಅಲ್ಲಿಂದಾಚೆಗೆ ಇನ್‌ಸ್ಪೆಕ್ಟರು ತಡಮಾಡಲಿಲ್ಲ. ಊರಿನ ಎಲ್ಲರ ಬೆರಳು ಚುಚ್ಚಿ ಗಾಜಿನ ಚೂರಿನ ಮೇಲೆ ರಕ್ತ ತೆಗೆದರು, ಕಡೆಗೆ ತಮ್ಮದನ್ನೂ ತೆಗೆದರು. ಕಹಿ ಮಾತ್ರೆ ಹಂಚಿದರು. ಶಿವಮೊಗ್ಗೆಯಿಂದ ರಕ್ತದ ವಿಷಯ ತಿಳಿದು ಬರುವ ತನಕ ಈ ಊರಿಗೆ ಹೊರಗಿನ ನೆಂಟರು ಬರಕೂಡದು, ಯಾವ ಶುಭಕಾರ್ಯವೂ ನಡೆಯಕೂಡದು ಎಂದು ಆಜ್ಞೆ ಮಾಡಿ, ಬಸ್ಸು ನಿಲ್ಲುವ ಜಾಗದಲ್ಲಿ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿಸಿದರು.

ವಾಗ್ದೇವಿಯ ವೀಳ್ಯಶಾಸ್ತ್ರ ಬರುವ ಸೋಮವಾರವೇ ಇತ್ತು.

ಕೆರಿಯಮ್ಮ ಆ ದಿನ ಗಂಡನ ಹತ್ತಿರ ಹೆಚ್ಚು ಮಾತಾಡಲಿಲ್ಲ. ಅನ್ನ ಬಡಿಸುತ್ತ, ಇದ್ದೊಬ್ಬ ಮಗಳ ವೀಳ್ಯ ನಿಲ್ಲಿಸೋದಕ್ಕೆ ಬೇರೆಯವರ ಕೈ ಬೇಕಾಗಿಲ್ಲ, ಮನೇಲೇ ಇದೆ ಎಂದಳು. ವಾಗ್ದೇವಿ ತಟ್ಟೆ ತೊಳೆಯಲು ಹೋದಳು. ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಹೂವಪ್ಪ ಅದನ್ನು ನೋಡಿ ಅರ್ಧ ಊಟಕ್ಕೆ ಎದ್ದ.

ಮಂಡಗದ್ದೆ ಕಡೆಗೆ ಸುದ್ದಿ ಒಯ್ದವರು ಯಾರೋ, ಸೀತಾರಾಮಪ್ಪನವರಿಗೆ ಅದು ತಲುಪಿತು. ಇನ್ನೊಬ್ಬರಾಗಿದ್ದರೆ ಅಲ್ಲಿಂದಲೇ ಬೇಡ ಎಂದು ಹೇಳಿ ಕಳಿಸುತ್ತಿದ್ದರು. ಸೀತಾರಾಮಪ್ಪ ತಾವೇ ನೋಡದೆ ಬೇಡ ಎಂದೂ ಹೇಳುವವರಲ್ಲ. ಸೋಮವಾರ ಅಳಿಯನನ್ನು ಕರೆದುಕೊಂಡು ಹೊರಟರು. ಕೆಂಪು ಬಟ್ಟೆ ಕಟ್ಟಿದ್ದು ಬಸ್ಸಿನ ರಸ್ತೆಗೆ, ಆದ್ದರಿಂದ ಆಜ್ಞೆಯೂ ಬಸ್ಸಿನ ರಸ್ತೆಗೇ ಎಂದು ತಿಳಿದು, ಹಿಂದಿನ ನಿಲ್ದಾಣದಲ್ಲೇ ಇಳಿದು ಕಾಡಿನ ಕಾಲುದಾರಿಯಲ್ಲಿ ಬಂದರು.

ಮೂಗಿಗೆ ಬೈರಾಸು ಕಟ್ಟಿಕೊಂಡೇ ಜಗಲಿಯ ಆ ತುದಿಯಲ್ಲಿ ಕೂತರು. ಅಳಿಯನನ್ನು ಗಾಳಿ ಬರುವ ಕಡೆ ಕೂರಿಸಿದರು. ಬೆಲ್ಲ ನೀರು ಬಂತು, ಮುಟ್ಟಲಿಲ್ಲ. ಆಗ ಹೂವಪ್ಪ ಹೊಸನಗರದಿಂದ ತುಂಬಿದ ಪೆಟ್ಟಿಗೆ ಹೇರಿಕೊಂಡು ಅಂಗಳಕ್ಕೆ ಬಂದ. ಖಾಕಿ ಟೊಪ್ಪಿ ಕಂಡು ಸೀತಾರಾಮಪ್ಪ ಸ್ವಲ್ಪ ನೇರವಾಗಿ ಕೂತರು. ಏಜೆಂಟರು ತಮ್ಮ ಫ್ಯಾಕ್ಟರಿಯ ಮಾಲನ್ನು ನೆಂಟರಿಗೆ ಕೊಡಬೇಡವೇ ಎಂದು ಬೆಳ್ಳಪ್ಪ ಹುರಿದುಂಬಿಸಿದ. ನೆಂಟರಿಗೆ ಒಳ್ಳೆಯದೇ ಹೋಗಲಿ ಎಂದು ಹೂವಪ್ಪ ಪೆಟ್ಟಿಗೆಯ ತಳದವರೆಗೆ ಕೈ ಇಳಿಸಿ, ಮುರಿಯದ ಎರಡು ಕೆಂಪು ಕ್ಯಾಂಡಿ ಸಿಗುವ ತನಕ ಹುಡುಕಿದ. ಅವನು ಕೈ ತೆಗೆದಾಗ ಅದು ಕೆಂಪು ಗಜ್ಜರಿಯ ಬಣ್ಣಕ್ಕೆ ತಿರುಗಿತ್ತು.

ಸೀತಾರಾಮಪ್ಪ ಕ್ಯಾಂಡಿಯನ್ನು ಹಿಂದೆ ಮುಂದೆ ನೋಡಿ, ಪರೀಕ್ಷೆ ಮಾಡುವ ಸಲುವಾಗಿ ಬೈರಾಸು ಕೆಳಗೆ ಸರಿಸಿ ಒಂದೇ ಸಲಕ್ಕೆ ಅರ್ಧ ಕಚ್ಚಿ ನುಂಗಿದರು. ಅವರ ಹುಬ್ಬುಗಳು ಒಂದನ್ನೊಂದು ಮುಟ್ಟಿದವು. ಸ್ವಲ್ಪ ಹೊತ್ತು ಹಣೆ ಒತ್ತಿಕೊಂಡು ಕೂತಿದ್ದು, ಆಮೇಲೆ ಬಂದ ಕೆಲಸಕ್ಕೆ ಬಂದರು.

“ನೋಡಿ ಹೂವಪ್ಪನೋರೆ, ಜ್ವರದ ಮನೆ ಅಂತ ನಾಲ್ಕು ಜನ ಹೇಳಿದ್ರು. ನಾನು ಬಾಯಿಮಾತು ನಂಬೋನಲ್ಲ. ನಿಮ್ಮ ಕೈ ಸುಳ್ಳು ಹೇಳಲ್ಲ ಅಂತ ನಮ್ಮ ಕಡೆನೂ ಹೆಸ್ರಿದೆ. ಮಗಳ ಹಣೆಗೆ ನನ್ನೆದುರೇ ಕೈ ಇಡಿ. ಇಲ್ಲ ಅಂದ್ರೆ ಈಗ್ಲೇ ವೀಳ್ಯ ಬದಲಾಯಿಸ್ಕಳಣ. ಇದೆ ಅಂದ್ರೆ ನಾವು ಬಂದ ದಾರಿ ಹಿಡೀತೀವಿ, ಬೇಜಾರು ಮಾಡ್ಕಬಾರ್ದು.”

ವಾಗ್ದೇವಿಯನ್ನು ಕರೆತಂದರು. ಹೊಸ ಸೀರೆ, ಮುಡಿತುಂಬ ಸುರಗಿ ಹೂವು. ಬಾಗಿಲ ಸಂದಿಯಲ್ಲಿ ಕೆರಿಯಮ್ಮ. ಬೇಲಿಯ ಆಚೆ, ಒಬ್ಬರಿಗೊಬ್ಬರು ಅಂತರ ಬಿಟ್ಟು, ಕಂಬಳಿ ಹೊದ್ದ ಊರು. ಹೂವಪ್ಪ ಕೈ ಒರೆಸಿಕೊಂಡು ಮಗಳ ಹಣೆಯ ಮೇಲೆ ಇಟ್ಟ. ಅವಳು ಬೆಚ್ಚಿಬಿದ್ದಳು.

“ಅಪ್ಪಯ್ಯ, ನಿಮ್ಮ ಕೈ ಎಷ್ಟು ತಣ್ಣಗಿದೆ.”

“ಜ್ವರ ಇದ್ದೋರಿಗೆ ಹಂಗೇ ಅನ್ನಿಸೋದು,” ಎಂದು ಬೆಳ್ಳಪ್ಪ ನೆಂಟರಿಗೆ ವಿವರಿಸಿದ. “ಮುಟ್ಟಿದ್ದೆಲ್ಲ ತಣ್ಣಗೆ.” ಹೇಳಿದ ಮೇಲೆ ತಾನು ಹುಡುಗಿಯ ಸೋದರಮಾವ ಎಂಬುದು ಅವನಿಗೆ ನೆನಪಾಯಿತು. ಆದರೆ ಆಗಲೇ ತಡವಾಗಿತ್ತು.

ಹೂವಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ. ಬಹಳ ಹೊತ್ತು ಮುಚ್ಚಿಕೊಂಡಿದ್ದ. ಅವನ ಅಜ್ಜ ಆ ಕೈಯಿಂದ ಒಂದು ಸಲವೂ ಸುಳ್ಳು ಹೇಳಿರಲಿಲ್ಲ, ಅಪ್ಪ ಹೇಳಿರಲಿಲ್ಲ. ಹಣೆ ಸುಡುತ್ತಿತ್ತು.

“ಇದೆ,” ಎಂದ.

ಸೀತಾರಾಮಪ್ಪ ಎದ್ದು ಮೆಟ್ಟು ಹುಡುಕಿದರು. ಹುಡುಗ ಏಳಲಿಲ್ಲ. ಅವನ ಕೈಯಲ್ಲಿದ್ದ ಕ್ಯಾಂಡಿ ಕರಗಿ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು, ಅವನು ಅದನ್ನೂ ನೋಡುತ್ತಿರಲಿಲ್ಲ. ಆಗ ಒಳಗಿಂದ ಕೆರಿಯಮ್ಮನ ದನಿ ಬಂತು. ಸಂಬಂಧ ಬೇಡ ಅಂದೋರು ಕಾಫಿನೂ ಬೇಡ ಅನ್ನಬೇಕೆಂದೇನೂ ಇಲ್ಲವಲ್ಲ ಎಂದಳು. ನೆಂಟರಾಗಿ ಬಂದ ಮನೆಯ ಕಾಫಿ ನಿರಾಕರಿಸಿ ಹೋದರೆ ಆಮೇಲೆ ಎರಡು ಊರಿನ ನಡುವೆ ಹೋಗಿಬರುವುದೇ ನಿಲ್ಲುತ್ತದೆ. ಸೀತಾರಾಮಪ್ಪ ಮತ್ತೆ ಕೂತರು.

“ಒಲೆ ಮೇಲಿನ ತಪ್ಪಲೆ ಇಳ್ಸಿ ತನ್ನಿ,” ಎಂದಳು ಗಂಡನಿಗೆ. “ಬಟ್ಟೆ ಹುಡುಕ್ತಾ ಕೂರ್ಬೇಡಿ. ಹಂಡೆ ಇಳಿಸ್ದೋರು ನೀವು.”

ಹೂವಪ್ಪ ಕುದಿಯುವ ತಪ್ಪಲೆಯನ್ನು ಬರಿಗೈಯಲ್ಲೇ ಕಂಠ ಹಿಡಿದು ತಂದ. ಹಳೆಯ ಅಭ್ಯಾಸ, ಕೈ ದಡ್ಡುಗಟ್ಟಿತ್ತು. ಕೆರಿಯಮ್ಮ ಅವನನ್ನು ಜಗಲಿಯ ನಡುವೆ ನಿಲ್ಲಿಸಿಕೊಂಡೇ, ಹಿತ್ತಾಳೆ ಲೋಟಗಳಿಗೆ ಒಂದೊಂದು ಸೌಟು ನಿಧಾನವಾಗಿ ಬಗ್ಗಿಸಿದಳು. ಅಷ್ಟು ನಿಧಾನವಾಗಿ ಅವಳು ಕಾಫಿ ಬಗ್ಗಿಸಿದ್ದನ್ನು ಆ ಊರು ನೋಡಿರಲಿಲ್ಲ. ಸಿಟ್ಟಿಗೆ ಹಾಗೆ ಮಾಡಿದಳೋ ಬೇರೆ ಏನಾದರೂ ಇತ್ತೋ ಎಂದು ಅವಳನ್ನು ಯಾರೂ ಕೇಳಿಲ್ಲ, ಅವಳು ಹೇಳಿಯೂ ಇಲ್ಲ.

ಕಾಫಿ ಕುಡಿಯುವಾಗಲೂ ಸೀತಾರಾಮಪ್ಪನವರ ಕೈ ಹುಬ್ಬುಗಳ ನಡುವೆಯೇ ಇತ್ತು. ಕ್ಯಾಂಡಿ ಕಚ್ಚಿದಾಗ ಬಂದ ನೋವು ಹೋಗಿದ್ದರೂ ಅದು ಬಂದಿತ್ತು ಎಂಬ ಯೋಚನೆ ಹೋಗಿರಲಿಲ್ಲ. ಗಾಳಿಯಲ್ಲಿ ಬರುವುದಂತೆ ಎಂದು ಬೇಲಿಯ ಆಚೆ ಯಾರೋ ಅಂದದ್ದೂ ಕಿವಿಗೆ ಬಿದ್ದಿತ್ತು. ಲೋಟ ಕೆಳಗಿಟ್ಟು ಹೂವಪ್ಪನ ಕಡೆ ತಿರುಗಿದರು.

“ಹೋಗೋ ಮುಂಚೆ, ನಂಗೂ ಒಂಚೂರು ನೋಡಿಬಿಡಿ.”

ಹೂವಪ್ಪ ತಪ್ಪಲೆ ಇಳಿಸಿ, ಅದೇ ಕೈಯನ್ನು ಅವರ ಹಣೆಗೆ ಇಟ್ಟ. ಹುಬ್ಬು ಗಂಟಿಕ್ಕಿದ. ಕೈ ತೆಗೆದು ಮತ್ತೆ ಇಟ್ಟ.

“ತಣ್ಣಗಿದೀರಿ,” ಎಂದ. “ಹೊಳೆ ಕಲ್ಲಿನ ಹಂಗೆ.”

ಸೀತಾರಾಮಪ್ಪನವರ ಮುಖ ಬಿಳಿಚಿತು. ಹುಡುಗನನ್ನೂ ನೋಡಲು ಹೇಳಿದರು. ಹುಡುಗನೂ ಹಾಗೆಯೇ, ಸ್ವಲ್ಪ ಹೆಚ್ಚೇ ತಣ್ಣಗೆ. ಚಳಿಜ್ವರ ಮೊದಲು ಚಳಿಯಿಂದಲೇ ಶುರುವಾಗುವುದು ಎಂದು ಬೆಳ್ಳಪ್ಪ ಹೇಳಲು ಹೊರಟಿದ್ದ, ಕೆರಿಯಮ್ಮ ಅವನ ಕಡೆ ನೋಡಿದಳು, ಅವನು ಹೇಳಲಿಲ್ಲ. ಅವನ ಆಯುಷ್ಯದಲ್ಲಿ ಅವನು ನುಂಗಿದ ಮಾತು ಅದೊಂದೇ ಇರಬೇಕು.

“ಹುಡುಗಿನೂ ಇನ್ನೊಂದ್ಸಲ ನೋಡಿ,” ಎಂದಳು ಕೆರಿಯಮ್ಮ.

ಹೂವಪ್ಪ ಮಗಳ ಹಣೆ ಮುಟ್ಟಿದ. ಈ ಸಲ ಅವಳು ಬೆಚ್ಚಲಿಲ್ಲ. ಅವನು ಕಣ್ಣು ಬಿಟ್ಟು ಎಲ್ಲರ ಮುಖವನ್ನೂ ನೋಡಿದ, ತನ್ನ ಕೈಯನ್ನೂ ನೋಡಿಕೊಂಡ.

“ಇವ್ಳೂ ತಣ್ಣಗಾಗಿದಾಳೆ. ಮೂರೂ ಜನ ಈಗ ಒಂದೇ ಸಮ.”

ಸೀತಾರಾಮಪ್ಪ ಯೋಚನೆ ಮಾಡಿದರು. ಅವರು ಯೋಚನೆ ಮಾಡುವಾಗ ಮೀಸೆಯನ್ನು ಬಾಯಿಗೆ ಎಳೆದುಕೊಂಡು ಜಗಿಯುತ್ತಿದ್ದರು, ಆಗ ಯಾರೂ ಮಾತಾಡಿಸುವಂತಿಲ್ಲ. ಬೇಲಿಯ ಆಚೆಯ ಕಂಬಳಿಗಳೂ ಅಲುಗಾಡಲಿಲ್ಲ. ಆಮೇಲೆ ಮೀಸೆಯನ್ನು ಹೊರಗೆ ಬಿಟ್ಟರು.

“ಬಿಸಿ ಹಾಲಿನ ಚೆಂಬನ್ನ ತಣ್ಣೀರಲ್ಲಿ ಇಟ್ರೆ ಎಂತಾಗ್ತದೆ? ಹಾಲು ಆರ್ತದೆ, ನೀರು ಬೆಚ್ಚಗಾಗ್ತದೆ, ಕಡೀಗೆ ಎರಡೂ ಒಂದೇ ಆಗ್ತದೆ. ಹುಡುಗೀಲಿ ಕಾವಿತ್ತು, ಇವ್ರೇ ಹೇಳಿದ್ರು. ನಮ್ಮ ಹುಡುಗ ಹುಟ್ಟಿದಾಗಿಂದ ತಣ್ಣಗೆ, ಅದು ನಂಗೊತ್ತು. ಒಂದು ಲೋಟ ಕಾಫಿ ಕುಡಿಯೋಷ್ಟು ಹೊತ್ತು ಎದುರುಬದುರು ಕೂತಿದ್ದಕ್ಕೆ ಸರಿಸಮ ಆಯ್ತಲ್ಲ ಮಾರಾಯ್ರೆ. ನಾನು ನೋಡಿದ ಯಾವ ಜಾತಕವೂ ಇಷ್ಟು ಕೂಡಿ ಬಂದಿಲ್ಲ.”

ಅವರು ಮೂಗಿನ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ವೀಳ್ಯದ ತಟ್ಟೆ ತರಲು ಹೇಳಿದರು. ಅಷ್ಟು ಹೊತ್ತು ಒಂದು ಮಾತೂ ಆಡದಿದ್ದ ಮಂಜುನಾಥ, ಬರೀ ಕಡ್ಡಿ ಉಳಿದಿದ್ದ ಕ್ಯಾಂಡಿಯನ್ನು ಎಲ್ಲಿ ಇಡಲಿ ಎಂದು ವಾಗ್ದೇವಿಯನ್ನೇ ಕೇಳಿದ. ಅವಳ ಮುಖ ಕೆಂಪಾಯಿತು. ಅದು ಯಾವ ಕಾವು ಎಂದು ಯಾರೂ ಕೈ ಇಟ್ಟು ನೋಡಲಿಲ್ಲ.

ನಿಯಮ ಮುರಿದ ಸುದ್ದಿ ಕೇಳಿ ಇನ್‌ಸ್ಪೆಕ್ಟರು ಬರುವಷ್ಟರಲ್ಲಿ ವೀಳ್ಯ ಬದಲಾಗಿತ್ತು. ನೆಂಟರ ಊಟಕ್ಕೆಂದು ಹೂವಪ್ಪ ಒಲೆಯ ಮುಂದೆ ಕೂತಿದ್ದ, ಅಲ್ಲಿಂದಲೇ ಎದ್ದು ಬಂದು ಅವರ ಹಣೆ ಮುಟ್ಟಿ, ಇಳಿದಿದೆ ಸ್ವಾಮಿ ಎಂದ. ಅದನ್ನು ಕೇಳಿ ಊರೇ ಬೇಲಿ ದಾಟಿ ಬಂದು ಸಾಲು ನಿಂತಿತು. ಹೂವಪ್ಪ ಒಲೆಗೆ ಕಟ್ಟಿಗೆ ದೂಡುತ್ತ, ನಡುನಡುವೆ ಬಂದು ಒಬ್ಬೊಬ್ಬರ ಹಣೆ ಮುಟ್ಟಿದ. ಯಾರಿಗೂ ಇರಲಿಲ್ಲ. ಕತ್ತಲಾಗುವ ಮುಂಚೆ ನೇರಲಕೊಪ್ಪದ ಜ್ವರ ಪೂರ್ತಿ ಇಳಿಯಿತು. ಕಂಬಳಿಗಳು ಬೇಲಿಯ ಮೇಲೆ ಒಣಗಿದವು. ಗಾರ್ಡು ಗುಡ್ಡಕ್ಕೆ ಹೋದ. ಶಿವಮೊಗ್ಗೆಯಿಂದ ಯಾರ ರಕ್ತದಲ್ಲೂ ಏನೂ ಇಲ್ಲ ಎಂದು ತಿಳಿದು ಬಂತು. ಅದು ಊರಿಗೆ ಮೊದಲೇ ಗೊತ್ತಿತ್ತು, ವಾಗ್ದೇವಿಯ ಕಾಲ್ಗುಣ ಎಂದು ಆಗಲೇ ತೀರ್ಮಾನವಾಗಿತ್ತು.

ಕ್ಯಾಂಡಿಯನ್ನು ಮಾತ್ರ ಆಮೇಲೆ ಯಾರೂ ಮುಟ್ಟಲಿಲ್ಲ. ಫ್ಯಾಕ್ಟರಿಯವರು ಸೈಕಲ್ಲು, ಪೆಟ್ಟಿಗೆ, ಹಾರನ್ನು ಎಲ್ಲ ವಾಪಸು ತರಿಸಿಕೊಂಡರು. ಹೂವಪ್ಪ ಹಂಡೆಗೆ ಮರಳಿದ. ಏಜೆಂಟರು ಕೆಲಸಕ್ಕೆ ರಾಜೀನಾಮೆ ಕೊಟ್ಟರು ಎಂದು ಬೆಳ್ಳಪ್ಪ ಬೀಗರಿಗೆ ತಿಳಿಸಿದ. ಬೀಗರಿಗೆ ಅವರ ಮೇಲಿನ ಗೌರವ ಇನ್ನಷ್ಟು ಹೆಚ್ಚಾಯಿತು.

ವೈಶಾಖದಲ್ಲಿ ಹುಡುಗಿಯ ಮನೆಯಲ್ಲೇ ಮದುವೆ. ಊರಿಗೆಲ್ಲ ಅನ್ನ ಬೇಯಿಸಿದವನು ಮದುಮಗಳ ತಂದೆಯೇ, ಬೇರೆಯವರನ್ನು ಹಂಡೆಯ ಹತ್ತಿರ ಬಿಡಲಿಲ್ಲ. ಧಾರೆ ಎರೆಯುವ ಹೊತ್ತಿಗೆ ಅವನನ್ನು ಹಂಡೆಯ ಮುಂದಿನಿಂದ ಎಬ್ಬಿಸಿ ತಂದು, ಮುಗಿದ ಮೇಲೆ ಅಲ್ಲಿಗೇ ಬಿಟ್ಟರು. ವಿಘ್ನೇಶ್ವರ ಇನ್‌ಸ್ಪೆಕ್ಟರೂ ಬಂದಿದ್ದರು. ಅವರಿಗೆ ಮತ್ತೆ ವರ್ಗವಾಗಿತ್ತು, ಈ ಸಲ ತೀರ್ಥಹಳ್ಳಿಗೆ, ಮದುವೆ ಊಟ ಮುಗಿಸಿ ಹಾಗೆಯೇ ಹೊರಡುವವರು. ಬೆಳಗಿನಿಂದ ಅವರ ಮುಖ ಸರಿ ಇರಲಿಲ್ಲ. ಉಡುಪಿಯ ಕಡೆಯ ಬಿಸಿಲನ್ನೂ ನಾಚಿಸುವ ಬಿಸಿಲಲ್ಲಿ ಕೋಟಿನ ಗುಂಡಿ ಹಾಕಿಕೊಂಡು ನಿಂತಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ಹಂಡೆಯ ಹತ್ತಿರ ಬಂದು, ಚೀಲದಲ್ಲಿರುವ ಕಡ್ಡಿಯ ಮೇಲೆ ತಮಗೆ ಈಗ ಅಷ್ಟು ಭರವಸೆ ಇಲ್ಲ ಎಂದೂ, ಒಮ್ಮೆ ಕೈ ಇಟ್ಟು ನೋಡಬೇಕೆಂದೂ ಕೇಳಿಕೊಂಡರು.

ಹೂವಪ್ಪ ಉರಿಯ ಮುಂದಿನಿಂದ ಎದ್ದು, ಕೈ ಒರೆಸಿಕೊಂಡು, ಅವರ ಹಣೆಯ ಮೇಲೆ ಇಟ್ಟು ಕಣ್ಣು ಮುಚ್ಚಿದ.

“ಏನಿಲ್ಲ ಸ್ವಾಮಿ. ಹೋಗಿ ಊಟ ಮಾಡಿ.”

ಅವರು ಊಟ ಮಾಡಿದರು. ಪಾಯಸವನ್ನು ಎರಡನೆಯ ಸಲವೂ ಹಾಕಿಸಿಕೊಂಡರು, ಬಿಸಿಯಾಗಿತ್ತು ಎಂಬ ಕಾರಣಕ್ಕೆ.

ಬಸ್ಸು ಬಂದಾಗ ವಾಗ್ದೇವಿ ತಂದೆಯ ಕಾಲಿಗೆ ಬಿದ್ದಳು. ಹೂವಪ್ಪ ಅವಳ ತಲೆಯ ಮೇಲೆ ಕೈ ಇಟ್ಟ, ಅದು ಜಾರಿ ಹಣೆಗೆ ಬಂತು, ಅಲ್ಲೇ ಸ್ವಲ್ಪ ಹೊತ್ತು ಇತ್ತು. ಕಂಡಕ್ಟರು ಸೀಟಿ ಊದಿದ. ಚೆನ್ನಾಗಿದೀಯ ಮಗ, ಹೋಗಿ ಬಾ ಎಂದು ಹೂವಪ್ಪ ಕೈ ತೆಗೆದ. ಕೆರಿಯಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬಸ್ಸಿನ ಹಿಂದಿನ ಚಕ್ರವನ್ನೇ ನೋಡುತ್ತಿದ್ದಳು.

ಆ ಸೆಕೆಯಲ್ಲಿ ಡ್ರೈವರನ ಪಕ್ಕ, ಎಂಜಿನ್ನಿಗೆ ತಾಗಿಕೊಂಡಿರುವ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಇನ್‌ಸ್ಪೆಕ್ಟರು ಅದನ್ನೇ ಕೇಳಿ ಕೂತರು. ಕೂತ ಮೇಲೂ ಸಾಲದೆ ಹುಡುಗಿಯ ಕಡೆಯವರು ಕೊಟ್ಟ ಹೊಸ ಜಮಖಾನವನ್ನು ಬೇಡಿ ಪಡೆದು ಹೊದ್ದುಕೊಂಡರು.

“ನೋಡು ಬೆಳ್ಳಪ್ಪ,” ಎಂದ ಹೂವಪ್ಪ, “ಏನಿಲ್ಲ ಅಂತ ಒಂದು ಮಾತು ಹೇಳಿದ್ದಕ್ಕೆ ಎಷ್ಟು ಧೈರ್ಯ ಬಂದಿದೆ ಅವ್ರಿಗೆ.”

ವಾಗ್ದೇವಿ ಗಂಡನ ಜೊತೆ ಹೋದದ್ದು ಶುಕ್ರವಾರ. ವಿಘ್ನೇಶ್ವರ ಇನ್‌ಸ್ಪೆಕ್ಟರೂ ಅದೇ ಶುಕ್ರವಾರ, ಅದೇ ಬಸ್ಸಿನಲ್ಲಿ, ಜಮಖಾನದೊಳಗೆ ಹಲ್ಲು ಕಟಕಟ ಎನ್ನಿಸುತ್ತ ಹೋದರು.